ಗೋಡೆಗೆ ಯಾವ ಬಣ್ಣ? ಮನೆಯ ಹಿರಿಯರನ್ನೂ ಕೇಳಿ

ಮಗನ ಮದುವೆ ಗೊತ್ತಾಯಿತು, ಮನೆಗೆ ಬಣ್ಣ ಹೊಡೆಸಬೇಕು. ದೀಪಾವಳಿ ಹತ್ತಿರ ಬಂತು, ನಡುಮನೆಗಾದರೂ ಒಂದು ಕೈ ಬಳಿಸಬೇಕು. ನಮ್ಮಲ್ಲಿ ಗೋಡೆಗೆ ಬಣ್ಣದ ಯೋಗ ಕೂಡಿ ಬರುವುದು ಇಂಥ ಸಂದರ್ಭಗಳಲ್ಲೇ. ಅಂಗಡಿಯಿಂದ ಶೇಡ್ ಕಾರ್ಡ್ ಬರುತ್ತದೆ. ಮನೆಯಾಕೆಗೆ ಕೆನೆಬಣ್ಣ ಇಷ್ಟ, ಮಗಳಿಗೆ ಬೂದು, ಯಜಮಾನರಿಗೆ ಕೊಳೆ ಕಾಣದ ಯಾವುದಾದರೂ ಸರಿ. ಎರಡು ದಿನ ಚರ್ಚೆ ನಡೆದ ಮೇಲೆ 'ಕಣ್ಣಿಗೆ ಹೊಡೆಯದ ಲೈಟ್ ಕಲರ್ ಇರಲಿ' ಎಂಬಲ್ಲಿಗೆ ರಾಜಿಯಾಗುತ್ತದೆ. ಇಷ್ಟೆಲ್ಲ ಮಾತುಕತೆಯಲ್ಲಿ ಆರೋಗ್ಯದ ಮಾತು ಮಾತ್ರ ಬರುವುದೇ ಇಲ್ಲ.

ಗೋಡೆಯ ಬಣ್ಣಕ್ಕೂ ಆರೋಗ್ಯಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಒಂದು ಮನೆಯ ಕಥೆಯನ್ನು ಕೇಳಿ.

ಆ ಮನೆಯಲ್ಲಿ 76 ವರ್ಷದ ಅಜ್ಜಿ ಇದ್ದರು. ಮನೆಯನ್ನು ಹೊಸದಾಗಿ ಮಾಡಿಸಿದರು. ಗೋಡೆ ಅಚ್ಚ ಬಿಳಿ, ನೆಲಕ್ಕೆ ಹೊಳೆಯುವ ಬಿಳಿ ಟೈಲ್ಸ್, ಬಾಗಿಲಿಗೂ ಬಿಳಿ, ಬಚ್ಚಲುಮನೆಯಂತೂ ಮೇಲಿನಿಂದ ಕೆಳಗಿನವರೆಗೆ ಬಿಳಿ. ನೋಡಿದವರೆಲ್ಲ ಮೆಚ್ಚಿದರು. ಎರಡೇ ತಿಂಗಳಲ್ಲಿ ಅಜ್ಜಿಯ ನಡಿಗೆ ಬದಲಾಯಿತು. ಗೋಡೆ ಹಿಡಿದು ನಡೆಯತೊಡಗಿದರು. ಸಂಜೆಯಾದ ಮೇಲೆ ಕೋಣೆ ಬಿಟ್ಟು ಬರಲೊಲ್ಲರು. ಒಂದು ರಾತ್ರಿ ಕಮೋಡಿನ ಅಂಚು ತಪ್ಪಿ ಕುಳಿತು ಕೆಳಗೆ ಬಿದ್ದರು. ಪುಣ್ಯಕ್ಕೆ ಸೊಂಟದ ಮೂಳೆ ಉಳಿಯಿತು, ಮಣಿಕಟ್ಟು ಮಾತ್ರ ಉಳುಕಿತು.

"ಅಮ್ಮನಿಗೆ ಅರಳುಮರಳು ಶುರುವಾಗಿದೆ ಡಾಕ್ಟ್ರೇ" ಎಂದರು ಮಗ.

"ಅರಳುಮರಳೂ ಇಲ್ಲ, ಮಣ್ಣೂ ಇಲ್ಲ" ಎಂದರು ಅಜ್ಜಿ. "ಗೋಡೆ ಎಲ್ಲಿ ಮುಗಿಯುತ್ತೆ, ನೆಲ ಎಲ್ಲಿ ಶುರುವಾಗುತ್ತೆ ಅಂತಲೇ ತಿಳಿಯೋಲ್ಲ ನೋಡಿ. ಹಾಲಿನ ಪಾತ್ರೆಯೊಳಗೆ ಇಳಿದ ಹಾಗಾಗುತ್ತೆ."

ಪರೀಕ್ಷೆ ಮಾಡಿದಾಗ ಎರಡೂ ಕಣ್ಣಿನಲ್ಲಿ ಪೊರೆ ಇರುವುದು ಗೊತ್ತಾಯಿತು. ಹಳೆಯ ಮನೆಯಲ್ಲಿ ಕೆಂಪು ನೆಲ, ಕಂದು ಬಾಗಿಲು, ಸುಣ್ಣದ ಗೋಡೆ ಇದ್ದುದರಿಂದ ಆ ಮಂದ ದೃಷ್ಟಿಯಲ್ಲೂ ಅವರು ಹೇಗೋ ದಾರಿ ಕಂಡುಕೊಳ್ಳುತ್ತಿದ್ದರು. ಹೊಸ ಬಣ್ಣ ಆ ಗುರುತುಗಳನ್ನೆಲ್ಲ ಅಳಿಸಿಹಾಕಿತ್ತು.

ಬಣ್ಣ ಆರಿಸುವಾಗ ಮನೆಯ ಅತಿ ಹಿರಿಯರ ಕಣ್ಣಿನಿಂದ ನೋಡಬೇಕು, ಅತಿ ಕಿರಿಯರ ಉಸಿರು ಮತ್ತು ಹೊಟ್ಟೆಯನ್ನು ನೆನೆಯಬೇಕು. ಇವತ್ತಿನ ಲೇಖನದ ಸಾರಾಂಶ ಇಷ್ಟೇ.

ತಿಳಿಬಣ್ಣ ಏಕೆ ಒಳ್ಳೆಯದು?

ಬಿಳಿ, ಕೆನೆ, ದಂತವರ್ಣ, ತಿಳಿಬೂದು, ಮರಳಿನ ಬಣ್ಣ ಮುಂತಾದವನ್ನು ಅಂಗಡಿಯವರು 'ನ್ಯೂಟ್ರಲ್' ಬಣ್ಣಗಳೆನ್ನುತ್ತಾರೆ. ಯಾವ ಪರದೆ, ಯಾವ ಸೋಫಾ ಹಾಕಿದರೂ ಇವು ಹೊಂದಿಕೊಳ್ಳುತ್ತವೆ ಎಂಬುದು ಇವುಗಳ ಜನಪ್ರಿಯತೆಗೆ ಕಾರಣ. ವೈದ್ಯರ ದೃಷ್ಟಿಯಲ್ಲಿ ಇನ್ನೊಂದು ಕಾರಣವಿದೆ. ಇವು ಬೆಳಕನ್ನು ನುಂಗುವುದಿಲ್ಲ, ಹಿಂತಿರುಗಿಸುತ್ತವೆ.

ಒಂದು ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಷ್ಟು ಭಾಗವನ್ನು ಹಿಂದಕ್ಕೆ ಕೊಡುತ್ತದೆ ಎಂಬುದಕ್ಕೆ ಒಂದು ಅಳತೆಯಿದೆ. ಅದನ್ನು ಎಲ್‌ಆರ್‌ವಿ ಎಂದು ಕರೆಯುತ್ತಾರೆ. ಕಡುಗಪ್ಪಿಗೆ ಇದು ಸೊನ್ನೆಯ ಹತ್ತಿರ. ಒಳ್ಳೆಯ ಬಿಳಿಗೆ 80ಕ್ಕೂ ಹೆಚ್ಚು. ಒಳಾಂಗಣದ ಬೆಳಕಿನ ಬಗ್ಗೆ ಯುರೋಪಿನಲ್ಲಿ ಬಳಕೆಯಲ್ಲಿರುವ ಮಾನದಂಡದ ಪ್ರಕಾರ ತಾರಸಿಯ ಒಳಭಾಗ 70ರಿಂದ 90, ಗೋಡೆ 50ರಿಂದ 80, ನೆಲ 20ರಿಂದ 40 ಇರುವುದು ಹಿತ. ಅಂದರೆ ಮೇಲೆ ಬಿಳಿ, ನಡುವೆ ತಿಳಿ, ಕೆಳಗೆ ಗಾಢ. ನಮ್ಮ ಹಳೆಯ ಸುಣ್ಣದ ಗೋಡೆ ಮತ್ತು ಕಾವಿ ನೆಲದ ಮನೆಗಳಲ್ಲಿ ಇದೇ ಲೆಕ್ಕವಿತ್ತು! ಎಲ್‌ಆರ್‌ವಿ ಸಂಖ್ಯೆಯನ್ನು ಅನೇಕ ಕಂಪನಿಗಳು ತಮ್ಮ ಬಣ್ಣದ ಪಟ್ಟಿಯಲ್ಲಿ ಕೊಡುತ್ತವೆ. ಕಾಣದಿದ್ದರೆ ಅಂಗಡಿಯವರನ್ನು ಕೇಳಿ.

ಬೆಳಕಿನ ಬಗ್ಗೆ ಇಷ್ಟೊಂದು ಕಾಳಜಿ ಏಕೆ? ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಒಳಗಿನ ಮಸೂರ ಹಳದಿಗಟ್ಟಿ ಮಬ್ಬಾಗುತ್ತದೆ. 20 ವರ್ಷದವರ ಅಕ್ಷಿಪಟಲಕ್ಕೆ ತಲಪುವ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ 60 ವರ್ಷದವರ ಅಕ್ಷಿಪಟಲಕ್ಕೆ ತಲಪುತ್ತದೆ. ನಿಮಗೆ 'ಬೇಕಾದಷ್ಟು ಬೆಳಕಿದೆ' ಎನಿಸುವ ಕೋಣೆ ನಿಮ್ಮ ತಂದೆಯವರಿಗೆ ಮುಸ್ಸಂಜೆಯಂತೆ ಕಾಣಬಹುದು. ಒಂದೇ ಕಿಟಕಿಯ ಹಜಾರಕ್ಕೆ ಈಚಿನ ಫ್ಯಾಷನ್ನಿನ ಕಡುಬೂದು ಬಳಿಸಿದರೆ ಹಗಲಿನಲ್ಲೂ ದೀಪ ಹಾಕಬೇಕಾದೀತು.

ಎಲ್ಲವೂ ಒಂದೇ ಬಣ್ಣ ಬೇಡ

ಹಾಗಾದರೆ ಎಲ್ಲವನ್ನೂ ಬಿಳಿ ಮಾಡಿಬಿಟ್ಟರಾಯಿತಲ್ಲ ಎನ್ನಬೇಡಿ. ಮೇಲಿನ ಅಜ್ಜಿಯ ಮನೆಯಲ್ಲಿ ಆದದ್ದು ಅದೇ. ಕಣ್ಣಿಗೆ ಬೆಳಕು ಎಷ್ಟು ಮುಖ್ಯವೋ ವ್ಯತ್ಯಾಸವೂ ಅಷ್ಟೇ ಮುಖ್ಯ. ಪೊರೆ, ಗ್ಲಾಕೋಮಾ, ಸಕ್ಕರೆ ಕಾಯಿಲೆಯಿಂದಾದ ಅಕ್ಷಿಪಟಲದ ತೊಂದರೆ ಇರುವವರಿಗೆ ಹತ್ತಿರ ಹತ್ತಿರದ ಛಾಯೆಗಳನ್ನು ಬೇರ್ಪಡಿಸಿ ನೋಡುವ ಶಕ್ತಿ ಕುಂದಿರುತ್ತದೆ. ಕೆನೆ ಗೋಡೆಯ ಮೇಲಿನ ಕೆನೆ ಸ್ವಿಚ್ಚು, ಬಿಳಿ ನೆಲದ ಮೇಲಿನ ಬಿಳಿ ಹೊಸ್ತಿಲು ಅವರ ಪಾಲಿಗೆ ಇಲ್ಲವೇ ಇಲ್ಲ.

ದೃಷ್ಟಿ ಮಂದ ಇರುವವರಿಗಾಗಿ ಕಟ್ಟಡ ಹೇಗಿರಬೇಕೆಂದು ಹೇಳುವ ಬ್ರಿಟನ್ನಿನ ಮಾನದಂಡವು ಗೋಡೆ ಮತ್ತು ನೆಲ, ಗೋಡೆ ಮತ್ತು ಬಾಗಿಲುಗಳ ಎಲ್‌ಆರ್‌ವಿ ನಡುವೆ 30 ಅಂಕಗಳ ಅಂತರವಿರಲಿ ಎನ್ನುತ್ತದೆ. ಉದಾಹರಣೆಗೆ, ಗೋಡೆಗೆ 75ರ ಕೆನೆ ಬಣ್ಣ ಆರಿಸಿದಿರಿ ಎನ್ನಿ. ಬಾಗಿಲಿನ ಚೌಕಟ್ಟು 45ಕ್ಕಿಂತ ಕೆಳಗಿರಲಿ. ಸಂಖ್ಯೆ ಸಿಗದಿದ್ದರೆ ಸುಲಭ ಉಪಾಯವಿದೆ. ಮೊಬೈಲ್ ಫೋನಿನಲ್ಲಿ ಕೋಣೆಯ ಚಿತ್ರ ತೆಗೆದು ಕಪ್ಪು-ಬಿಳುಪಿಗೆ ಬದಲಾಯಿಸಿ ನೋಡಿ. ಅದರಲ್ಲಿ ನೆಲ, ಗೋಡೆ, ಬಾಗಿಲು ಬೇರೆ ಬೇರೆಯಾಗಿ ಎದ್ದು ಕಾಣದಿದ್ದರೆ ನಿಮ್ಮ ಅಮ್ಮನಿಗೂ ಕಾಣುವುದು ಕಷ್ಟ.

ನೆಲ ಈಗಾಗಲೇ ಬಿಳಿಯಾಗಿದ್ದರೆ ಅದನ್ನು ಕೀಳಿಸಬೇಕಿಲ್ಲ. ಗೋಡೆಯ ಬುಡದ ನಾಲ್ಕು ಅಂಗುಲದ ಸ್ಕರ್ಟಿಂಗ್ ಪಟ್ಟಿಗೆ ಕಂದು ಅಥವಾ ಇಟ್ಟಿಗೆ ಬಣ್ಣ ಬಳಿಸಿ. ಮೆಟ್ಟಿಲಿನ ಅಂಚಿಗೆ ಗಾಢ ಪಟ್ಟಿ ಹಾಕಿಸಿ. ಬಚ್ಚಲಿನಲ್ಲಿ ಹಿಡಿಕೆಯ ಸರಳು ಮತ್ತು ಕಮೋಡಿನ ಸೀಟು ಗೋಡೆಯ ಬಣ್ಣದಲ್ಲಿರದೆ ಎದ್ದು ಕಾಣುವ ಬಣ್ಣದಲ್ಲಿರಲಿ. ಆದರೆ ನೆಲದ ನಟ್ಟನಡುವೆ ಕಪ್ಪು-ಬಿಳಿ ಚೌಕಗಳು ಬೇಡ. ಕಪ್ಪು ಚೌಕ ಹಳ್ಳದಂತೆ ಕಂಡು ಹಿರಿಯರು ಕಾಲು ತಡೆದು ಮುಗ್ಗರಿಸುವುದುಂಟು.

ಬಿಳಿಯೇ ಶುಭ್ರತೆಯ ಗುರುತು ಎಂದು ನಂಬಿದ್ದ ಆಸ್ಪತ್ರೆಗಳೇ ಈ ಪಾಠ ಕಲಿತಿವೆ. ಹಿಂದೆ ಶಸ್ತ್ರಚಿಕಿತ್ಸೆಯ ಕೊಠಡಿಗಳು ಪೂರ್ತಿ ಬಿಳಿಯಾಗಿದ್ದವು. ಬಿಳಿ ಗೋಡೆಯ ಪ್ರಖರತೆಯಿಂದ ಗಾಯದ ಒಳಗಿನ ವಿವರ ಕಾಣುವುದೇ ಕಷ್ಟವಾಗುತ್ತಿತ್ತು. 1914ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಹ್ಯಾರಿ ಶರ್ಮನ್ ಎಂಬ ಶಸ್ತ್ರವೈದ್ಯರು ತಮ್ಮ ಕೊಠಡಿಗೆ ಸೊಪ್ಪಿನ ಹಸಿರು ಬಣ್ಣ ಬಳಿಸಿದರು. ಇಂದಿಗೂ ಶಸ್ತ್ರಚಿಕಿತ್ಸೆಯ ಉಡುಪು ಹಸಿರು ಅಥವಾ ನೀಲಿಯಾಗಿರುವುದರ ಹಿಂದೆ ಇದೇ ತರ್ಕವಿದೆ.

ಶೇಡ್ ಕಾರ್ಡ್ ನಂಬಬೇಡಿ

ಕಾರ್ಡಿನ ಮೇಲೆ ಎರಡು ಅಂಗುಲದ ಚೌಕದಲ್ಲಿ ಕಾಣುವ ಬಣ್ಣ ನಾಲ್ಕು ಗೋಡೆಗೆ ಹರಡಿದಾಗ ಹೆಚ್ಚು ಗಾಢವಾಗಿ ತೋರುತ್ತದೆ. ಜೊತೆಗೆ ಪ್ರತಿಯೊಂದು ತಿಳಿಬಣ್ಣದೊಳಗೂ ಇನ್ನೊಂದು ಬಣ್ಣ ಅಡಗಿರುತ್ತದೆ. ಬೂದಿನಲ್ಲಿ ನೀಲಿ, ಕೆನೆಯಲ್ಲಿ ಹಳದಿ ಅಥವಾ ಗುಲಾಬಿ ಇರಬಹುದು. ಒಂದು ಬಿಳಿ ಹಾಳೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಆ ಒಳಬಣ್ಣ ಎದ್ದು ಕಾಣುತ್ತದೆ.

ಆದ್ದರಿಂದ ಚಿಕ್ಕ ಡಬ್ಬಿ ತರಿಸಿ, ಗೋಡೆಯ ಮೇಲೆ ಎರಡಡಿ ಉದ್ದ ಎರಡಡಿ ಅಗಲ ಬಳಿದು ಒಣಗಲು ಬಿಡಿ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತೂ ನೋಡಿ. ಬೆಳ್ಳನೆಯ ಟ್ಯೂಬ್‌ಲೈಟಿನ ಕೆಳಗೆ ಬೂದು ಇನ್ನಷ್ಟು ತಣ್ಣಗೆ, ನೀಲಿಯಾಗಿ ಕಾಣುತ್ತದೆ. ಹಳದಿ ಬೆಳಕಿನ ಎಲ್‌ಇಡಿ ದೀಪದಲ್ಲಿ ಕೆನೆ ಬಣ್ಣ ಅರಿಶಿನಕ್ಕೆ ತಿರುಗುತ್ತದೆ. ಪಶ್ಚಿಮದ ಕಿಟಕಿಯಿದ್ದರೆ ಸಂಜೆಯ ಬಿಸಿಲಿನಲ್ಲೂ ನೋಡಿ. ನಿಮ್ಮ ಮನೆಯಲ್ಲಿ ಯಾವ ಹೊತ್ತಿನಲ್ಲಿ ಆ ಕೋಣೆಯ ಬಳಕೆ ಹೆಚ್ಚೋ ಆ ಹೊತ್ತಿನಲ್ಲಿ ಹಿತವೆನಿಸಿದ್ದನ್ನು ಆರಿಸಿ.

ಹೊಳಪಿನ ವಿಚಾರ ಮರೆಯಬೇಡಿ. ತುಂಬಾ ಹೊಳೆಯುವ ಗೋಡೆ ಕಿಟಕಿಯ ಬೆಳಕನ್ನೂ ದೀಪವನ್ನೂ ಕನ್ನಡಿಯಂತೆ ಕಣ್ಣಿಗೆ ಎಸೆಯುತ್ತದೆ. ಪೊರೆ ಬರುತ್ತಿರುವ ಕಣ್ಣಿಗಂತೂ ಇದು ಹಿಂಸೆ. ಓದುವ, ಟಿವಿ ನೋಡುವ ಕೋಣೆಗೆ ಹೊಳಪಿಲ್ಲದ ಮ್ಯಾಟ್ ಬಣ್ಣ ಒಳ್ಳೆಯದು. ಅಡುಗೆಮನೆಗೆ, ಮಕ್ಕಳು ಕೈಯಾಡಿಸುವ ಗೋಡೆಗೆ ಒರೆಸಲು ಬರುವ ಅಲ್ಪ ಹೊಳಪಿನದು ಸಾಕು.

ಇನ್ನು ಇಂಥ ಬಣ್ಣ ಸಿಟ್ಟು ಇಳಿಸುತ್ತದೆ, ಇಂಥದು ರಕ್ತದೊತ್ತಡ ತಗ್ಗಿಸುತ್ತದೆ ಎಂಬ ಮಾತುಗಳು. 1979ರಲ್ಲಿ ಅಮೆರಿಕದ ಒಂದು ಸೆರೆಮನೆಯ ಕೋಣೆಗೆ ಗುಲಾಬಿ ಬಣ್ಣ ಬಳಿದು, ಕೈದಿಗಳು ಶಾಂತರಾದರೆಂದು ವರದಿ ಮಾಡಲಾಯಿತು. ಹಲವೆಡೆ ಅದರ ಅನುಕರಣೆಯೂ ನಡೆಯಿತು. ಆದರೆ 2015ರಲ್ಲಿ ಪ್ರಕಟವಾದ ಹೆಚ್ಚು ಕಟ್ಟುನಿಟ್ಟಿನ ಪ್ರಯೋಗದಲ್ಲಿ ಗುಲಾಬಿ ಕೋಣೆಗೂ ಬಿಳಿ ಕೋಣೆಗೂ ಅಂಥ ವ್ಯತ್ಯಾಸ ಕಾಣಲಿಲ್ಲ. ನಿಮಗೆ ಇಷ್ಟವಾದ ಬಣ್ಣ ಮನಸ್ಸಿಗೆ ಹಿತ ಕೊಡುವುದು ನಿಜ. ಆದರೆ ಬಿ.ಪಿ. ಮಾತ್ರೆ ಬಿಡಿಸುವ ಬಣ್ಣ ಯಾವುದೂ ಇಲ್ಲ.

ಕೆರೆಯುವ ಮುನ್ನ ಯೋಚಿಸಿ

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರೋಣ. ಹೊಸ ಬಣ್ಣ ಯಾವುದೆಂದು ತಿಂಗಳುಗಟ್ಟಲೆ ಯೋಚಿಸುವ ನಾವು ಹಳೆಯ ಬಣ್ಣವನ್ನು ಒಂದೇ ದಿನದಲ್ಲಿ ಕೆರೆದು ಬಿಸಾಡುತ್ತೇವೆ. ಅಪಾಯ ಅಡಗಿರುವುದು ಅಲ್ಲಿ.

ಹಳೆಯ ಎಣ್ಣೆಬಣ್ಣಗಳಲ್ಲಿ, ಅದರಲ್ಲೂ ಬಾಗಿಲು, ಕಿಟಕಿ ಸರಳು, ಗ್ರಿಲ್ಲು, ತೊಟ್ಟಿಲುಗಳಿಗೆ ಬಳಿಯುತ್ತಿದ್ದ ಹಳದಿ, ಕಿತ್ತಳೆ, ಕೆಂಪು, ಹಸಿರು ಎನಾಮೆಲ್‌ಗಳಲ್ಲಿ ಸೀಸ ಬೆರೆತಿರುತ್ತಿತ್ತು. ಬಣ್ಣಕ್ಕೆ ಹೊಳಪು ಬರಲು, ಬೇಗ ಒಣಗಲು, ಬಹುಕಾಲ ಬಾಳಲು ಅದು ಬೇಕಾಗಿತ್ತು. ಒಣ ಬಣ್ಣವನ್ನು ಮರಳು ಕಾಗದದಿಂದ ಉಜ್ಜಿದಾಗ ಸೀಸದ ಧೂಳು ಏಳುತ್ತದೆ. ಅದು ನೆಲದ ಮೇಲೆ ಕೂರುತ್ತದೆ. ಅಂಬೆಗಾಲಿಡುವ ಮಗು ಅದೇ ನೆಲದ ಮೇಲೆ ಕೈಯೂರಿ, ಅದೇ ಕೈಯನ್ನು ಬಾಯಿಗಿಡುತ್ತದೆ. ನುಂಗಿದ ಸೀಸವನ್ನು ಮಕ್ಕಳ ದೇಹ ದೊಡ್ಡವರ ದೇಹಕ್ಕಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಹೀರಿಕೊಳ್ಳುತ್ತದೆ.

ಇದು ಹೊಸ ಶೋಧವೇನಲ್ಲ. ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ಕಣ್ಣಿನ ವೈದ್ಯ ಲಾಕ್‌ಹಾರ್ಟ್ ಗಿಬ್ಸನ್ ಅವರು ಕ್ವೀನ್ಸ್‌ಲ್ಯಾಂಡ್ ಪ್ರಾಂತ್ಯದ ಮಕ್ಕಳಲ್ಲಿ ಕಾಣುತ್ತಿದ್ದ ಸೀಸದ ವಿಷಕ್ಕೆ ಕಾರಣ ಹುಡುಕಿ, ಜಗಲಿಯ ಕಟಕಟೆ ಮತ್ತು ಕೋಣೆಯ ಗೋಡೆಗಳ ಬಣ್ಣವೇ ಕಾರಣವೆಂದು 1904ರಲ್ಲೇ ಬರೆದರು. ಅಲ್ಲಿಯ ಬಿಸಿಲಿಗೆ ಬಣ್ಣ ಪುಡಿಯಾಗಿ ಆಡುವ ಮಕ್ಕಳ ಕೈಗೆ ಅಂಟುತ್ತಿತ್ತು. ನಮ್ಮ ಜಗಲಿ, ನಮ್ಮ ಬಿಸಿಲು ಬೇರೆಯೇನಲ್ಲ.

ನಮ್ಮ ದೇಶ ಎಚ್ಚೆತ್ತದ್ದು ತಡವಾಗಿ. 1999ರಲ್ಲಿ ಬೆಂಗಳೂರಿನಲ್ಲಿ ಸೀಸದ ವಿಷದ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. 2000ದಲ್ಲಿ ಪೆಟ್ರೋಲಿಗೆ ಸೀಸ ಬೆರೆಸುವುದು ನಿಂತಿತು. ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಕೂಡದು ಎಂಬ ನಿಯಮ ಹೊರಬಿದ್ದದ್ದು 2016ರಲ್ಲಿ. ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅಂದರೆ ಅದಕ್ಕಿಂತ ಹಿಂದೆ ಬಳಿದ ಎಣ್ಣೆಬಣ್ಣದಲ್ಲಿ ಸೀಸ ಇದ್ದೀತೆಂದೇ ಭಾವಿಸಿ ಕೆಲಸ ಮಾಡಿಸುವುದು ಜಾಣತನ. ಸುಣ್ಣ ಮತ್ತು ಸಾಧಾರಣ ಡಿಸ್ಟೆಂಪರ್ ಗೋಡೆಗಳಲ್ಲಿ ಈ ಭಯ ಕಡಿಮೆ.

ಸೀಸದ ವಿಷ ಸದ್ದಿಲ್ಲದೆ ಬರುತ್ತದೆ. ಅನೇಕ ಮಕ್ಕಳಲ್ಲಿ ಯಾವ ಲಕ್ಷಣವೂ ಕಾಣುವುದಿಲ್ಲ. ಕೆಲವರಲ್ಲಿ ರಕ್ತಹೀನತೆ, ಹೊಟ್ಟೆನೋವು, ಮಲಬದ್ಧತೆ, ಸಿಡುಕು, ಓದಿನಲ್ಲಿ ಹಿಂದೆ ಬೀಳುವುದು ಕಂಡುಬರುತ್ತದೆ. ಮಿದುಳಿಗೆ ಆದ ಹಾನಿ ಪೂರ್ತಿ ಸರಿಹೋಗದಿರಬಹುದು. ದೇಹದಲ್ಲಿ ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ನೂರು ಮಿ.ಲೀ. ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಕಂಡುಬಂದರೆ ಸೀಸದ ಮೂಲವನ್ನು ಹುಡುಕಿ ನಿವಾರಿಸಬೇಕೆಂದು ಅದು 2021ರಲ್ಲಿ ಸೂಚಿಸಿದೆ. ಅನುಮಾನವಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ.

ಹಾಗೆಂದು ಗಾಬರಿ ಬೇಡ. ಹಳೆಯ ಬಣ್ಣ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಅದನ್ನು ಕೆರೆಯದೆ ಅದರ ಮೇಲೆಯೇ ಹೊಸ ಬಣ್ಣ ಬಳಿಸಬಹುದು. ಕೆರೆಯಲೇಬೇಕಾದರೆ ನೀರು ಚಿಮುಕಿಸಿ ಒದ್ದೆಮಾಡಿಯೇ ಉಜ್ಜಲು ಹೇಳಿ. ಬೆಂಕಿಯಿಂದ ಸುಟ್ಟು ತೆಗೆಯುವುದು ಬೇಡವೇ ಬೇಡ. ಮಕ್ಕಳನ್ನೂ ಬಸುರಿಯರನ್ನೂ ಆ ದಿನಗಳಲ್ಲಿ ಬೇರೆ ಮನೆಗೆ ಕಳಿಸಿ; ತಾಯಿಯ ರಕ್ತದಲ್ಲಿನ ಸೀಸ ಹೊಟ್ಟೆಯಲ್ಲಿರುವ ಮಗುವನ್ನೂ ತಲಪುತ್ತದೆ. ಪಾತ್ರೆ, ಹಾಸಿಗೆ, ಆಟಿಕೆಗಳನ್ನು ಹೊರಗಿಡಿ. ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ. ಕೊನೆಯಲ್ಲಿ ಪೊರಕೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಎರಡು ಮೂರು ಸಲ ಒರೆಸಿ. ಕೆರೆದ ಪುಡಿಯನ್ನು ಹಿತ್ತಲಿಗೆ ಸುರಿಯದೆ ಚೀಲದಲ್ಲಿ ಕಟ್ಟಿಡಿ.

ಬಣ್ಣ ಬಳಿಯುವವರನ್ನೂ ಮರೆಯಬಾರದು. ನಿಮ್ಮ ಮನೆಯಲ್ಲಿ ನಾಲ್ಕು ದಿನ ಇರುವ ಧೂಳು ಅವರ ಪಾಲಿಗೆ ವರ್ಷವಿಡೀ. ಬಣ್ಣ ಬಳಿಯುವ ವೃತ್ತಿಯೇ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1989ರಲ್ಲೇ ಹೇಳಿದೆ. ಒಳ್ಳೆಯ ಮುಖಗವಸು ಕೊಡಿ, ಊಟಕ್ಕೆ ಮುನ್ನ ಕೈತೊಳೆಯಲು ಸೋಪು ಕೊಡಿ.

ತೇವವನ್ನು ಬಣ್ಣದಿಂದ ಮುಚ್ಚಬೇಡಿ

ಮಲೆನಾಡು, ಕರಾವಳಿಯ ಓದುಗರಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಮಳೆಗಾಲದಲ್ಲಿ ಗೋಡೆ ಬೆವರಿ ಕಪ್ಪು ಬೂಸಲು ಹಿಡಿದರೆ, 'ಗಾಢ ಬಣ್ಣ ಹಾಕಿಸಿ, ಕಲೆ ಕಾಣುವುದಿಲ್ಲ' ಎಂಬ ಸಲಹೆ ಸಿಗುತ್ತದೆ. ಕಾಣದಿದ್ದರೂ ಬೂಸಲು ಅಲ್ಲೇ ಇರುತ್ತದೆ. ತೇವದ ಮನೆಗಳಲ್ಲಿ ಉಬ್ಬಸ, ಕೆಮ್ಮು, ಮೂಗಿನ ಅಲರ್ಜಿ ಹೆಚ್ಚೆಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲಿ ಸ್ಪಷ್ಟಪಡಿಸಿದೆ. ಮೊದಲು ಸೋರುವ ಕೊಳವೆ, ತಾರಸಿಯ ಬಿರುಕು ಸರಿಪಡಿಸಿ. ಗೋಡೆ ಪೂರ್ತಿ ಒಣಗಿದ ಮೇಲೆ ಬಣ್ಣದ ಮಾತು. ತಿಳಿಬಣ್ಣದ ಇನ್ನೊಂದು ಉಪಕಾರವೆಂದರೆ ತೇವದ ಕಲೆ ಹುಟ್ಟಿದ ಕೂಡಲೇ ಕಣ್ಣಿಗೆ ಬೀಳುತ್ತದೆ.

ಸುಣ್ಣ ಹಳೆಯ ಕಾಲದ್ದೆಂದು ತಾತ್ಸಾರ ಬೇಡ. ಅದರ ಕ್ಷಾರಗುಣ ಬೂಸಲನ್ನು ತಡೆಯುತ್ತದೆ, ಗೋಡೆಯೊಳಗಿನ ತೇವ ಹೊರಹೋಗಲು ದಾರಿ ಬಿಡುತ್ತದೆ. ಆದರೆ ಹಸಿ ಸುಣ್ಣ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಹಾಗಾದಾಗ ಎಣ್ಣೆ, ತುಪ್ಪ ಹಾಕಬೇಡಿ. ಸುಣ್ಣದ ಹರಳು ಕಂಡರೆ ತೆಗೆದು, ಕೂಡಲೇ ಧಾರಾಳ ಶುದ್ಧ ನೀರಿನಿಂದ ಅರ್ಧ ಗಂಟೆ ತೊಳೆದು ಕಣ್ಣಿನ ವೈದ್ಯರ ಬಳಿಗೆ ಓಡಿ.

ಹೊಸ ಬಣ್ಣದ ವಾಸನೆ

ಎಣ್ಣೆಬಣ್ಣ, ಟರ್ಪೆಂಟೈನ್, ಥಿನ್ನರ್‌ಗಳಿಂದ ಆವಿಯಾಗುವ ರಾಸಾಯನಿಕಗಳು ತಲೆನೋವು, ಕಣ್ಣುರಿ, ವಾಕರಿಕೆ ತರುತ್ತವೆ; ಉಬ್ಬಸದವರಿಗೆ ಉಸಿರು ಕಟ್ಟಿಸುತ್ತವೆ. ಗೋಡೆಗೆ ನೀರಿನಲ್ಲಿ ಬೆರೆಯುವ ಬಣ್ಣವನ್ನೇ ಆರಿಸಿ. ಡಬ್ಬಿಯ ಮೇಲೆ 'ಕಡಿಮೆ ವಿಒಸಿ' ಎಂದಿದೆಯೇ, ಸೀಸದ ಪ್ರಮಾಣ ನಮೂದಾಗಿದೆಯೇ ನೋಡಿ. 'ವಾಸನೆಯಿಲ್ಲ' ಎಂದ ಮಾತ್ರಕ್ಕೆ ಆವಿಯಿಲ್ಲ ಎಂದರ್ಥವಲ್ಲ. ಗಾಢ ಬಣ್ಣಕ್ಕೆ ಹೆಚ್ಚು ವರ್ಣದ್ರವ್ಯ ಬೆರೆಸಬೇಕಾಗುತ್ತದೆ, ಅದರಿಂದಲೂ ಆವಿ ಹೆಚ್ಚಬಹುದು. ಇಲ್ಲಿಯೂ ತಿಳಿಬಣ್ಣಕ್ಕೇ ಅಂಕ ಹೆಚ್ಚು. ಕಿಟಕಿಗಳನ್ನು ತೆರೆದಿಡಿ. ವಾಸನೆ ಪೂರ್ತಿ ಹೋಗುವವರೆಗೆ, ಕಡೇಪಕ್ಷ ಎರಡು ಮೂರು ದಿನ, ಆ ಕೋಣೆಯಲ್ಲಿ ಮಲಗಬೇಡಿ. ಬಾಣಂತಿ ಕೋಣೆಗೆ ಬಣ್ಣ ಬಳಿಸುವುದಿದ್ದರೆ ಹೆರಿಗೆಗೆ ಸಾಕಷ್ಟು ಮುಂಚೆಯೇ ಮುಗಿಸಿ.

ಕಡೆಯ ಮಾತು

ಆ ಅಜ್ಜಿಯ ಮನೆಯನ್ನು ಮತ್ತೆ ಒಡೆಯಬೇಕಾಗಲಿಲ್ಲ. ಗೋಡೆಯ ಬುಡಕ್ಕೆ ಕಂದು ಪಟ್ಟಿ, ಬಾಗಿಲಿನ ಚೌಕಟ್ಟಿಗೆ ತೇಗದ ಬಣ್ಣ, ಬಚ್ಚಲಿಗೆ ನೀಲಿ ಹಿಡಿಕೆ, ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿಯಿಡೀ ಉರಿಯುವ ಚಿಕ್ಕ ದೀಪ. ಖರ್ಚು ಹೆಚ್ಚೇನೂ ಆಗಲಿಲ್ಲ. ನಂತರ ಪೊರೆಯ ಶಸ್ತ್ರಚಿಕಿತ್ಸೆಯೂ ಆಯಿತು. 'ಅರಳುಮರಳು' ಎಂಬ ಮಾತನ್ನು ಮಗ ವಾಪಸು ತೆಗೆದುಕೊಂಡರು. ಹಿರಿಯರ ಮರೆವು, ಗೊಂದಲಕ್ಕೆಲ್ಲ ಗೋಡೆಯೇ ಕಾರಣ ಎಂದು ಇದರ ಅರ್ಥವಲ್ಲ. ದಿಢೀರನೆ ಗೊಂದಲ ಕಂಡರೆ, ಪದೇ ಪದೇ ಬೀಳುತ್ತಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಆದರೆ ತೀರ್ಮಾನಕ್ಕೆ ಬರುವ ಮೊದಲು ಅವರಿಗೆ ಏನು ಕಾಣುತ್ತಿದೆ, ಏನು ಕಾಣುತ್ತಿಲ್ಲ ಎಂದು ಒಮ್ಮೆ ಕೇಳುವುದು ಒಳ್ಳೆಯದಲ್ಲವೇ?

ಈ ಸಲ ಶೇಡ್ ಕಾರ್ಡ್ ಮನೆಗೆ ಬಂದಾಗ ಅದನ್ನು ಮೊದಲು ಅಜ್ಜನ ಅಥವಾ ಅಜ್ಜಿಯ ಕೈಗೆ ಕೊಡಿ. ಬಣ್ಣದ ಹೆಸರು ಅವರಿಗೆ ಓದಲು ಬಾರದಿದ್ದರೂ ಚಿಂತೆಯಿಲ್ಲ. ಯಾವುದು ಎದ್ದು ಕಾಣುತ್ತದೆ, ಯಾವುದು ಕಣ್ಣು ಚುಚ್ಚುತ್ತದೆ ಎಂಬುದನ್ನು ಅವರು ನಿಮಗಿಂತ ಚೆನ್ನಾಗಿ ಹೇಳಬಲ್ಲರು.